ಎದ್ದು ಹೋಗಬಹುದಾದವರು

"ಸಹಿ ಒಂದ ಮಾಡಿಬಿಡು. ಮುಗೀತು."

ಸಾವಿತ್ರೆವ್ವನ ಎರಡೂ ಕೈಗೆ ಹೂರಣ ಮೆತ್ತಿತ್ತು. ಅಣ್ಣ ಹಿಡಿದ ಕಾಗದವನ್ನು ಅವಳು ಮುಟ್ಟಲಿಲ್ಲ. ಕುತ್ತಿಗೆ ಚಾಚಿ ಅಲ್ಲಿಂದಲೇ ಓದಿದಳು.

"ಅಣ್ಣಾ, ನಿನ್ನ ಅಕ್ಷರ ಇನ್ನೂ ಎಷ್ಟು ಚಂದ ಅದಾವ!"

ಮೂರೇ ವಾಕ್ಯ. ಗಂಡನ ಮನೆ ಬಿಟ್ಟು ಪರಪುರುಷನೊಡನೆ ನಾಲ್ಕು ವರ್ಷ ಬಾಳಿದ್ದು ಪಾಪವೆಂದು ಒಪ್ಪುತ್ತೇನೆ. ಸಭೆಯ ಹಿರಿಯರ ಮುಂದೆ ಪಶ್ಚಾತ್ತಾಪ ಪಡುತ್ತೇನೆ. ಪ್ರಭುಭೋಜನಕ್ಕೆ ನನ್ನನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಬೇಡುತ್ತೇನೆ. ಕೆಳಗೆ ತಂಗಿಯ ಹೆಸರು, ಹೆಸರಿನ ಮುಂದೆ ಖಾಲಿ ಜಾಗ. ಎರಡು ಸಲ ತಿದ್ದಿ, ಮೂರನೆಯ ಸಲ ಶುದ್ಧವಾಗಿ ಬರೆದದ್ದು ಮಲಕಾಜಪ್ಪನೇ. ರಾಮದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನಿಗೆ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತಿತ್ತು.

"ಮಾಡತೀಯೋ ಇಲ್ಲೋ?"

"ದೇವರ ಮುಂದ ಹೇಳೋದು ಹೇಳೇನಿ. ಅಳೋದೂ ಅತ್ತೇನಿ. ಈಗ ಹೋಳಗಿ ಮಾಡಾಕ ಹತ್ತೇನಿ."

ಒಲೆಯ ಮುಂದಿನಿಂದ ಅವ್ವ ಕಿಸಕ್ಕನೆ ನಕ್ಕಳು. "ಅವನಿಗೊಂದು ಬಿಸೀದು ಕೊಡವಾ. ತಿಂದಾದ್ರೂ ಮಾರಿ ಸಡಲ ಆಗಲಿ."

ನಾಲ್ಕು ವರ್ಷ ನಗದಿದ್ದ ಅವ್ವ ಮೂರು ದಿನದಿಂದ ಹೀಗೆ ನಗುತ್ತಿದ್ದಳು. ಗುರುವಾರದ ಸವದತ್ತಿ ಬಸ್ಸು ಸಾವಿತ್ರೆವ್ವನನ್ನೂ ಒಂದು ತಗಡಿನ ಟ್ರಂಕನ್ನೂ ಇಳಿಸಿ ಹೋಗಿತ್ತು. ಮುನವಳ್ಳಿಯ ಕಡೆ ಕಾಲುವೆ ಕೆಲಸದಲ್ಲಿ ಯಂತ್ರ ನಡೆಸುತ್ತಿದ್ದ ಆ ಮನುಷ್ಯ, ಕೆಲಸ ಮುಗಿದದ್ದೇ, ಹೇಳದೆ ಕೇಳದೆ ಬೇರೆ ಊರಿಗೆ ಹೋಗಿದ್ದ. ಇದನ್ನು ಅವಳು ಹೊಸ್ತಿಲಲ್ಲಿ ನಿಂತೇ ಒಂದು ಮಾತಿನಲ್ಲಿ ಹೇಳಿ, ಕುಡಿಯಲು ನೀರು ಕೇಳಿದಳು. ಅವ್ವ ನೀರು ಕೊಟ್ಟಳು. ಬೇರೇನೂ ಕೇಳಲಿಲ್ಲ. ಅಂದಿನಿಂದ ಅವ್ವ ನೇಕಾರ ಓಣಿಯ ಮಗ್ಗಮಗ್ಗಕ್ಕೆ ಹೋಗಿ, "ಮಗಳು ಬಂದಾಳ್ರಿ," ಎಂದು ಹೇಳಿಬರುತ್ತಿದ್ದಳು. ಮಳೆ ಬಂತೆಂದು ಹೇಳಿದ ಹಾಗೆ.

ಮಲಕಾಜಪ್ಪ ಕೇಳಬೇಕಾದ ಪ್ರಶ್ನೆಗಳನ್ನು ಕ್ರಮವಾಗಿ ಜೋಡಿಸಿಟ್ಟುಕೊಂಡಿದ್ದ. ಅವನ್ನು ಕೇಳುವುದಕ್ಕೆ ಮನೆಯಲ್ಲಿ ಸಂದು ಸಿಗಲಿಲ್ಲ. ಯಾವಾಗ ನೋಡಿದರೂ ಇಬ್ಬರೂ ನಗುತ್ತಿದ್ದರು.

"ಮಲಕಾಜಾ," ಎಂದಳು ಅವ್ವ, ಹಂಚಿನ ಮೇಲಿಂದ ಕಣ್ಣು ತೆಗೆಯದೆ. "ಇವತ್ತ ಅಕಿ ನನ್ನ ಬಾಜೂಕ ಕುಂತು ಪ್ರಭುಭೋಜನ ತಗೋಬೇಕು. ನನಗ ಬ್ಯಾರೆ ಏನೂ ಬ್ಯಾಡ ನೋಡು."

"ನಿಯಮ ಐತಿ ಅವ್ವಾ."

"ಇರಲಿ. ಅದರ ಪಾಡಿಗೆ ಅದು ಇರಲಿ. ನಾವೇನು ಬ್ಯಾಡ ಅಂದೇವೇನು?"

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೊರಬಿದ್ದ. ಹೋಳಿಗೆ ತಿನ್ನಲಿಲ್ಲ.

ಹನ್ನೊಂದು ವರ್ಷದಿಂದ ಅವನು ಊರಿನ ಕ್ರೈಸ್ತ ಸಭೆಯ ಹಿರಿಯ. ಪ್ರಭುಭೋಜನದ ಭಾನುವಾರ, ಕ್ರಿಸ್ತನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ರೊಟ್ಟಿ ಮುರಿಯುವ ಮೊದಲು, ಪಂಕ್ತಿಯಿಂದ ತಡೆಹಿಡಿದವರ ಹೆಸರನ್ನು ಓದುವುದು ಹಿರಿಯನ ಕೆಲಸ. ಹೆಸರು ಬಂದವರು ಎದ್ದು ಹೊರಗಿನ ಬೇವಿನ ಕೆಳಗೆ ಹೋಗಿ ಕೂರಬೇಕು. ಅವರ ಹಿಂದೆ ಬಾಗಿಲು ಮುಚ್ಚುವುದೂ ಅವನ ಕೆಲಸವೇ. ಕುಡಿದು ಬಂದವರು, ಹೆಂಡತಿಯನ್ನು ಹೊಡೆದವರು, ಸುಳ್ಳು ಸಾಕ್ಷಿ ಹೇಳಿದವರು, ಎಲ್ಲರೂ ಅವನ ಬಾಯಿಂದ ಆ ಬೇವಿನ ಕೆಳಗೆ ಹೋಗಿ ಬಂದವರೇ.

ನಾಲ್ಕು ವರ್ಷದ ಹಿಂದೆ, ಊರಲ್ಲೇ ಇಲ್ಲದ ತಂಗಿಯ ಹೆಸರನ್ನು ಅವನೇ ಬರೆದು ಅವನೇ ಓದಿದ್ದ. ಸ್ವಂತ ತಂಗಿ ಅಂತಲೂ ನೋಡಲಿಲ್ಲ ನೋಡ್ರಿ, ಎಂದು ಜನ ಆಡಿಕೊಂಡದ್ದನ್ನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಆ ಮಾತಿನ ಹಿತವಾದ ಬಿಸಿ ಬಹಳ ದಿನ ಇತ್ತು. ಪ್ರಭುಭೋಜನದ ರೊಟ್ಟಿಯ ತುಣುಕು ಅವನ ನಾಲಿಗೆಯ ಮೇಲೆ ಬರೀ ಹಿಟ್ಟಾಗಿಯೇ ಉಳಿದು ಎಷ್ಟೋ ವರ್ಷಗಳಾಗಿದ್ದವು. ಆದರೆ ಬಾಗಿಲು ಮುಚ್ಚಿದಾಗ ಅಗುಳಿ ತನ್ನ ತೂತಿಗೆ ಸರಿಯಾಗಿ ಹೋಗಿ ಕೂರುವ ಸದ್ದು ಎದೆಗೆ ಒಂದು ನಮೂನೆ ಸಮಾಧಾನ ಕೊಡುತ್ತಿತ್ತು. ಅದನ್ನು ಅವನು ಭಕ್ತಿ ಎಂದುಕೊಂಡಿದ್ದ.

ದೇವಾಲಯದ ಪಕ್ಕದ ಕೋಣೆಯಲ್ಲಿ ರಘೋತ್ತಮ ಅಯ್ಯನವರು ನಿಲುವಂಗಿಯ ತೋಳಿನಲ್ಲಿ ಕೈ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಈ ಸಭೆಗೆ ಬಂದ ಮುದುಕ ಪಾದ್ರಿ. ಸವದತ್ತಿ ಕಡೆಯ ಪುರೋಹಿತರ ಮನೆಯಲ್ಲಿ ಹುಟ್ಟಿ, ಅಜ್ಜನ ತೊಡೆಯ ಮೇಲೆ ಷಟ್ಪದಿ ಬಾಯಿಪಾಠ ಮಾಡಿ, ಹರೆಯದಲ್ಲಿ ಕ್ರಿಸ್ತನ ಹಾದಿ ಹಿಡಿದವರು. ಬೈಬಲಿನ ಕೀರ್ತನೆಗಳನ್ನು ಈಗಲೂ ಅದೇ ಧಾಟಿಯಲ್ಲಿ ರಾಗವಾಗಿ ಓದುತ್ತಿದ್ದರು. ನೇಕಾರರು ತಲೆದೂಗುತ್ತಿದ್ದರು. ಮಲಕಾಜಪ್ಪನಿಗೆ ಅದು ಶಿಸ್ತಲ್ಲ ಅನ್ನಿಸುತ್ತಿತ್ತು.

"ಅಯ್ಯನವರ, ಪಟ್ಟಿಯೊಳಗ ಒಂದ ಹೆಸರು ಐತ್ರಿ."

"ಯಾರದು?"

"ನಮ್ಮ ತಂಗೀದು."

"ನಿನ್ನೆ ನಮ್ಮ ಮನೀಗೆ ಬಂದಿದ್ಲು. ಭಾಳ ನಗಸಿದ್ಲು ಮಾರಾಯ."

"ತಪ್ಪೊಪ್ಪಿಗೆ ಬರದು ಕೊಟ್ಟಿಲ್ರಿ."

"ಓದಲೇಬೇಕೇನು?"

"ನಿಯಮ ಹಂಗ ಐತ್ರಿ."

ಅಯ್ಯನವರ ಕೈ ಕೊನೆಗೂ ತೋಳಿನಿಂದ ಹೊರಗೆ ಬಂತು. ಆ ಕೈಯನ್ನು ಹೊಸದಾಗಿ ಸಿಕ್ಕ ವಸ್ತುವೆಂಬಂತೆ ನೋಡಿಕೊಂಡರು. "ಹಂಗಾದ್ರ ಪೂರಾ ಓದ್ರಿ. ಅರ್ಧಕ್ಕ ಬಿಡಬ್ಯಾಡ್ರಿ. ಆ ಕಡೀ ವಾಕ್ಯ ನನಗ ಭಾಳ ಸೇರತದ."

ಕಡೆಯ ವಾಕ್ಯವೆಂದರೆ, ಹೆಸರುಗಳನ್ನು ಓದಿ ಮುಗಿಸಿದ ಮೇಲೆ ಹಿರಿಯ ಸಭೆಗೆ ಹೇಳಬೇಕಾದ ಒಂದು ಮಾತು. ತಮ್ಮನ್ನು ತಾವೇ ಅಯೋಗ್ಯರೆಂದು ಬಗೆದವರು ಇನ್ನಾರಾದರೂ ಇದ್ದರೆ ಎದ್ದು ಹೋಗಬಹುದು. ಹೇಳಿ, ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ಮಲಕಾಜಪ್ಪ ಬಾಗಿಲು ಮುಚ್ಚುತ್ತಿದ್ದ. ಹನ್ನೊಂದು ವರ್ಷದಲ್ಲಿ ಆ ಮಾತಿಗೆ ಎದ್ದವರು ಒಬ್ಬರೂ ಇರಲಿಲ್ಲ.

ಸುಗ್ಗಿಯ ಭಾನುವಾರ. ಬೆಂಚುಗಳು ತುಂಬಿದ್ದವು. ಬಾಗಿಲಿನಿಂದ ಹೋಳಿಗೆಯ, ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಆರಾಧನೆ ಮುಗಿದ ಮೇಲೆ ಎಲ್ಲರದೂ ಕೂಡಿ ಊಟ. ಹಾಡು ಎಂದಿಗಿಂತ ಜೋರಾಗಿ ಎದ್ದಿತು. ಎರಡನೆಯ ಸಾಲಿನಲ್ಲಿ ಅವ್ವ, ಅವಳಿಗೆ ಆತು ಸಾವಿತ್ರೆವ್ವ. ತಲೆಯ ಮೇಲೆ ಸೆರಗು, ಕೈಯಲ್ಲಿ ಹೂರಣದ ಹಳದಿ. ಹಾಡಿನ ಮಾತುಗಳನ್ನು ಅವಳು ಮರೆತಿರಲಿಲ್ಲ.

ಮಲಕಾಜಪ್ಪ ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಇಟ್ಟ ಮೇಜಿನ ಮುಂದೆ ನಿಂತು ಪಟ್ಟಿ ಓದಿದ.

"ಸಾವಿತ್ರೆವ್ವ."

ದನಿ ನಡುಗಲಿಲ್ಲ. ನಡುಗಲಿಲ್ಲವೆಂಬುದನ್ನು ಅವನೇ ಗಮನಿಸಿದ.

ಅವಳು ಎದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅವ್ವನ ಭುಜವನ್ನೊಮ್ಮೆ ಒತ್ತಿ, ಬೆಂಚುಗಳ ನಡುವೆ ನಡೆದು ಹೊರಗೆ ಹೋದಳು. ಬೇವಿನ ಕಟ್ಟೆಯ ಮೇಲೆ ಅವಳು ಕೂತದ್ದು ಬಾಗಿಲಿನಿಂದ ಕಾಣುತ್ತಿತ್ತು. ಅವ್ವ ತನ್ನ ಪಕ್ಕದ ಖಾಲಿ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡಳು.

"ತಮ್ಮನ್ನು ತಾವೇ ಅಯೋಗ್ಯರೆಂದು ಬಗೆದವರು ಇನ್ನಾರಾದರೂ ಇದ್ದರೆ ಎದ್ದು ಹೋಗಬಹುದು."

ಒಂದು. ಎರಡು.

"ತಡೀರಿ ಮಾಸ್ತರ್ರ," ಎಂದಳು ಮುಂದಿನ ಬೆಂಚಿನ ಶಟ್ಟೆವ್ವ. ಎಂಬತ್ತು ದಾಟಿದವಳು. ಎದ್ದು ನಿಲ್ಲಲು ಕೋಲು ಹುಡುಕುತ್ತಿದ್ದಳು. "ನನಗ ಏಳಾಕ ವ್ಯಾಳ್ಯಾ ಹತ್ತತೈತಿ."

"ನೀವು ಕುಂದರ್ರಿ ಶಟ್ಟೆವ್ವ. ನಿಮ್ಮ ಹೆಸರು ಇಲ್ಲ."

"ಇಲ್ಲ ಅಂತನ ಏಳಾಕ ಹತ್ತೇನಿ. ನಾ ಸೊಸಿಗೆ ಬೈದ ಬೈಗಳಾ ನಿಮ್ಮ ಕಿವೀಗೆ ಬಿದ್ದಿಲ್ಲ. ಬಿದ್ದಿದ್ರ ಮೊದಲ ನಂಬರ ನಂದ ಇರತಿತ್ತು."

"ಖರೇ ಐತ್ರಿ," ಎಂದಳು ಹಿಂದಿನಿಂದ ಸೊಸೆ. ನಗೆ ಎದ್ದಿತು. "ನಾನೂ ಬಂದ್ನಿ ತಡೀರಿ ಅತ್ತಿ. ನಾ ಮನಸಿನ್ಯಾಗ ಬೈದದ್ದು ಅದಕಿಂತ ಜಾಸ್ತಿ ಐತಿ." ಬಂದು ಅತ್ತೆಯ ರಟ್ಟೆ ಹಿಡಿದಳು. ಇಬ್ಬರೂ ಹೊರಗೆ ನಡೆದರು.

ಅದಾದ ಮೇಲೆ ಎಣಿಕೆ ತಪ್ಪಿತು. ನೇಕಾರ ಲಗಮಪ್ಪ ಎದ್ದ. "ನಾನೂ ಹೊಂಟೆ. ಯಾಕಂತ ಕೇಳಬ್ಯಾಡ್ರಿ, ಹೇಳಾಕ ಹೋದ್ರ ಊಟದ ಹೊತ್ತು ಮೀರತೈತಿ." ಅವನ ಹೆಂಡತಿ, "ಅರ್ಧಾ ನಾ ಹೇಳತೇನಿ ಬರ್ರಿ," ಎಂದು ಹಿಂದೆ ಹೋದಳು. ಒಂದು ಬೆಂಚು ಬರಿದಾಯಿತು, ಮತ್ತೊಂದು. ಯಾರೂ ಅಳುತ್ತಿರಲಿಲ್ಲ. ಮದುವೆಯಲ್ಲಿ ಮೊದಲ ಪಂಕ್ತಿಗೆ ಕರೆ ಬಂದವರ ಹಾಗೆ, ಚಪ್ಪಲಿ ಹುಡುಕುತ್ತ, ಒಬ್ಬರನ್ನೊಬ್ಬರು ನೂಕುತ್ತ ಹೋಗುತ್ತಿದ್ದರು.

ಇದು ಮೊದಲೇ ಮಾತಾಡಿಕೊಂಡದ್ದೇ? ಮಗ್ಗಮಗ್ಗಕ್ಕೆ ಹೋಗಿ ಅವ್ವ ಹೇಳಿದ್ದು ಇದನ್ನೇ? ಮಲಕಾಜಪ್ಪ ಅವ್ವನನ್ನು ನೋಡಿದ. ಅವಳ ಬಾಯಿ ತೆರೆದೇ ಇತ್ತು. ಏನೂ ಗೊತ್ತಿಲ್ಲದ ಮಗುವಿನ ಬೆರಗು. ಆಮೇಲೆ ಅವಳೂ ಎದ್ದಳು.

"ನೀ ಯಾಕ ಅವ್ವಾ?"

"ಮಗಳು ಇಷ್ಟ ದಿನಾ ಯಾಕ ಬರಲಿಲ್ಲ ಅಂತ ದೇವರ ಮ್ಯಾಲ ಸಿಟ್ಟಾಗಿದ್ನಿ. ನಾಕು ವರ್ಷ ಮಾತ ಬಿಟ್ಟಿದ್ನಿ ಅವನ ಸಂಗಾಟ."

ಉಳಿದವರು ಇಬ್ಬರೇ. ಅಯ್ಯನವರು ರೊಟ್ಟಿಯ ತಟ್ಟೆಯನ್ನು ಒಂದು ಕೈಯಲ್ಲಿ, ಪಾತ್ರೆಯನ್ನು ಇನ್ನೊಂದರಲ್ಲಿ ಎತ್ತಿಕೊಂಡರು.

"ಅಯ್ಯನವರ, ಮೇಜು ಬಿಟ್ಟು ಹೊರಗ ಒಯ್ಯೂದು ನಿಯಮದಾಗ ಇಲ್ರಿ."

"ಹೌದು, ಇಲ್ಲ," ಎಂದರು ಅಯ್ಯನವರು ಸಂತೋಷದಿಂದ. "ಆದ್ರ ಪಂಕ್ತಿ ಅಲ್ಲಿ ಕೂತದ. ಬಡಸವ ಇಲ್ಲಿ ನಿಂತು ಏನು ಮಾಡಲಿ?"

ಬಾಗಿಲಲ್ಲಿ ತಿರುಗಿ ಕಾಯುವವರ ಹಾಗೆ ಒಂದು ಕ್ಷಣ ನಿಂತರು. ಮಲಕಾಜಪ್ಪ ಪಟ್ಟಿಯನ್ನು ನೋಡುತ್ತಿದ್ದ. ಅವರು ಹೋದರು. ಹೊರಗಿನಿಂದ ಅವರ ರಾಗ ಶುರುವಾಯಿತು, ತುಂಬು ಗಂಟಲಿನ ಷಟ್ಪದಿಯ ಧಾಟಿ. ಅದರೊಳಗೆ ಎಲ್ಲರ ದನಿಗಳೂ ಬಂದು ಸೇರಿದವು.

ಅವನಿಗೆ ಹೋಗಬೇಕೆನ್ನಿಸಿತು. ಹಸಿದವನಿಗೆ ಅನ್ನಿಸುವಂತೆ, ಹೊಟ್ಟೆಯಿಂದಲೇ ಅನ್ನಿಸಿತು. ಇಪ್ಪತ್ತು ಹೆಜ್ಜೆಯ ದಾರಿ. ಆದರೆ ಏನೆಂದು ಹೋಗುವುದು? ಹೋದವರೆಲ್ಲ ಒಂದೊಂದು ಕಾರಣ ಹೇಳಿಯೋ ನುಂಗಿಕೊಂಡೋ ಹೋಗಿದ್ದರು. ಅವನಲ್ಲೂ ಒಂದಿತ್ತು. ಮುನವಳ್ಳಿಯಿಂದ ತಂಗಿ ಅವ್ವನಿಗೆ ಬರೆದ ಎರಡು ಕಾಗದ, ಅವ್ವನಿಗೆ ಕೊಡದೆ, ಒಡೆಯದೆಯೇ, ಅವನ ಲಾಗರಿದಂ ಪುಸ್ತಕದೊಳಗಿದ್ದವು. ಪಾಪ ಅಂಟಿದ ಕಾಗದ ಮನೆಗೆ ಬೇಡವೆಂದು ಅಂದು ಅನ್ನಿಸಿತ್ತು. ಈಗ ಅದನ್ನು ಒಂದು ವಾಕ್ಯವಾಗಿ ಕಟ್ಟಲು ನೋಡಿದ. 'ನಾನು' ಎಂಬ ಕರ್ತೃಪದ ಬಾಯಿಗೆ ಬರಲಿಲ್ಲ.

ಸಾವಿತ್ರೆವ್ವ ಬಾಗಿಲಿಗೆ ಬಂದಳು. ಅವಳ ಹಿಂದೆ ಬಿಸಿಲು ಎಷ್ಟಿತ್ತೆಂದರೆ ಮುಖ ಕಾಣಲಿಲ್ಲ.

"ಅಣ್ಣಾ, ಅವ್ವನ ಬಾಜೂಕ ನಿನಗ ಜಾಗಾ ಹಿಡದೇನಿ. ಬಾ. ನೀ ಬಂದ ಹೊರತು ರೊಟ್ಟಿ ಮುರಿಯೂದಿಲ್ಲ ಅಂತ ಕುಂತಾರ ಅಯ್ಯನವರು."

"ಬರತೇನಿ. ಬಾಗಲಾ ಹಾಕಿ ಬರತೇನಿ."

"ಒಳಗ ಯಾರೂ ಇಲ್ಲಲ್ಲೋ," ಅವಳು ನಕ್ಕಳು. "ಯಾರಿಗಂತ ಹಾಕತಿ?"

ಉತ್ತರಕ್ಕೆ ಕಾಯದೆ ಓಡಿದಳು, ಚಿಕ್ಕಂದಿನಲ್ಲಿ ಹೊಳೆಯ ದಂಡೆಗೆ ಓಡುತ್ತಿದ್ದ ಹಾಗೆ.

ಅವಳು ಬಿಟ್ಟು ಹೋದ ಬೆಳಕಿನಲ್ಲಿ ಒಂದು ಆಡು ಒಳಗೆ ಬಂತು. ಓಣಿಯದು, ಕೊರಳಲ್ಲಿ ತುಂಡು ಹಗ್ಗ. ಸುಗ್ಗಿಗೆಂದು ಬೆಂಚುಗಳ ತುದಿಗೆ ಬಿಳಿಜೋಳದ ತೆನೆ ಕಟ್ಟಿದ್ದರು. ಆಡು ಅವನನ್ನೊಮ್ಮೆ ನೋಡಿ, ಅವನಿಂದ ಏನೂ ಆಗಲಾರದೆಂದು ತಿಳಿದುಕೊಂಡು, ಎಡಗಡೆಯ ಸಾಲಿಗೆ ಬಾಯಿ ಹಾಕಿತು.

ಕಡೆಯ ದಿನ ನ್ಯಾಯ ತೀರಿಸುವವನು ಕುರಿಗಳಾದ ನೀತಿವಂತರನ್ನು ಬಲಕ್ಕೆ, ಆಡುಗಳಾದ ಪಾಪಿಗಳನ್ನು ಎಡಕ್ಕೆ ನಿಲ್ಲಿಸುತ್ತಾನೆಂದು ಆರನೆಯ ವಯಸ್ಸಿನಲ್ಲೇ ಅವನು ಬಾಯಿಪಾಠ ಮಾಡಿದ್ದ. ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ಬಹುಮಾನವೂ ಬಂದಿತ್ತು. ಮೇಜಿಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಅವನಿಗೆ ಆಡು ಇದ್ದದ್ದು ಎಡಕ್ಕೇ. ಎಲ್ಲ ಸರಿಯಾಗಿಯೇ ಇತ್ತು. ಒಂದು ಗಳಿಗೆ ಹಳೆಯ ಸಮಾಧಾನ ಎದೆಗೆ ಬಂದ ಹಾಗಾಯಿತು.

ಬೇವಿನ ಕೆಳಗೆ ಹಾಡು ನಿಂತಿತು. ಆಮೇಲೆ ಶಟ್ಟೆವ್ವ ಏನೋ ಅಂದಳು, ಎಲ್ಲರೂ ಗೊಳ್ಳೆಂದು ನಕ್ಕರು. ಅಯ್ಯನವರ ನಗೆಯೂ ಅದರಲ್ಲಿತ್ತು.

ಎಡಸಾಲಿನ ತೆನೆ ಮುಗಿಸಿದ ಆಡಿಗೆ ಬಲಸಾಲಿನದು ಕಣ್ಣಿಗೆ ಬಿತ್ತು. ಮೇಜಿನ ಮುಂದಿನ ದಾರಿಯಲ್ಲಿ ಮಲಕಾಜಪ್ಪ ಅಡ್ಡ ನಿಂತಿದ್ದ. ಅದು ಅವನ ಮೊಳಕಾಲಿನವರೆಗೆ ಬಂದು, ಅವಸರವಿಲ್ಲದೆ, ಕಾಯುತ್ತ ನಿಂತಿತು.

ಅದು ಬಲಕ್ಕೆ ಹೋಗಲೆಂದು ಅವನು ಒಂದು ಹೆಜ್ಜೆ ಎಡಕ್ಕೆ ಸರಿದ.