ಉಣ್ಣೆ ತುಂಬಿದ ಮೈಕ್ ಪೆಟ್ಟಿಗೆ

ಬಲಗೈಯಲ್ಲಿ ಇನ್ನೂರು ಕುರ್ಚಿ, ಎಡಗೈಯಲ್ಲಿ ಇಡೀ ವೇದಿಕೆ, ಹಲ್ಲಿನಲ್ಲಿ ಬಣ್ಣದ ದೀಪಗಳ ಸರ ಕಚ್ಚಿಕೊಂಡು ನಾನು ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದ್ದನ್ನು ಕಂಡವರು ಇವತ್ತಿಗೂ ಅದೇ ಮೆಟ್ಟಿಲ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದಾರೆ. ಅವರ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಹಾರಿಯೂ ಹೋಯಿತು. ನಂಬದಿದ್ದರೆ ಗುಬ್ಬಿಯನ್ನೇ ಕೇಳಿ.

ನಮ್ಮದು ಇವೆಂಟ್ ಕಂಪನಿ. ಮದುವೆ, ಹುಟ್ಟುಹಬ್ಬ, ನಿವೃತ್ತಿಯ ಬೀಳ್ಕೊಡುಗೆ, ಯಾವುದಾದರೂ ಸರಿ, ಮೊದಲ ಕುರ್ಚಿಯಿಂದ ಕೊನೆಯ ಲೋಟದವರೆಗೆ ಎಲ್ಲ ಉಸಾಬರಿಯೂ ನಮ್ಮದೇ. ಕಂಪನಿ ಎಂದರೆ ಮುಖ್ಯವಾಗಿ ನಾನು. ಜೊತೆಗೆ ಮಾಲೀಕರು ಅಂತ ಒಬ್ಬರು ಅಕ್ಕ ಇದ್ದಾರೆ. ಒಡಹುಟ್ಟಿದ ಅಕ್ಕನಲ್ಲ, ಒಡಹುಟ್ಟಿದವರು ಇಷ್ಟೊಂದು ಬೈಯುವುದಿಲ್ಲ. ಅಕ್ಕನದು ಒಂದೇ ಕಾನೂನು: ಮುಟ್ಟಿ ಗೀಟು. ಕೆಲಸಕ್ಕೆ ಹೊರಡುವ ಮುನ್ನ ಸಾಮಾನಿನ ಪಟ್ಟಿ ಹಿಡಿದು, ಒಂದೊಂದು ಪೆಟ್ಟಿಗೆಯನ್ನೂ ತೆರೆದು, ಒಳಗಿನದನ್ನು ಕೈಯಿಂದ ಮುಟ್ಟಿ, ಆಮೇಲೆ ಪಟ್ಟಿಯಲ್ಲಿ ಗೀಟು ಹಾಕಬೇಕು. ಕಣ್ಣಲ್ಲಿ ನೋಡಿದರೆ ಸಾಲದು, ಕಣ್ಣಿಗೆ ಸೋಮಾರಿತನ ಜಾಸ್ತಿ ಅನ್ನುವುದು ಅಕ್ಕನ ವಾದ. ನನ್ನ ಕಣ್ಣಿನ ವಿಷಯ ಬೇರೆ. ಅದು ಗೋಡೆಯ ಆಚೆ ಬದಿಯ ಮೊಳೆಗಳನ್ನೂ ಎಣಿಸುತ್ತದೆ.

ಪ್ರತಿ ಶನಿವಾರ ಮಧ್ಯಾಹ್ನ ನಾವು ಪಕ್ಕದ ಬೀದಿಯ ಹಿರಿಯರ ಕೇಂದ್ರಕ್ಕೆ ಹೋಗುತ್ತೇವೆ. ಅದು ಬಿಟ್ಟಿ ಸೇವೆ. ಕುರ್ಚಿ ಹಾಕುವುದು ಅಕ್ಕ, ಮೈಕ್ ಹಿಡಿದು ಕಥೆ ಓದುವುದು ನಾನು; ಕಿವಿ ಮಂದವಾದವರಿಗೂ ಕೇಳಲಿ ಅಂತ. ನಮ್ಮ ಹಳೆಯ ಕಪ್ಪು ಮೈಕ್ ಪೆಟ್ಟಿಗೆಗಳನ್ನು ಅಕ್ಕ ಅಲ್ಲಿಯ ಹೆಣಿಗೆಯವರಿಗೆ ಉಣ್ಣೆ ಇಟ್ಟುಕೊಳ್ಳಲು ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಕಾಲುಚೀಲದಜ್ಜಿ. ಮೈಕಿಲ್ಲದೆ ಒಂದಕ್ಷರವೂ ಕೇಳಿಸದು, ಆದರೆ ಮೈಕಿನಲ್ಲಿ ಓದುವಾಗ ನಾನು ಒಂದು ಪುಟ ಹಾರಿಸಿದರೆ ಸೂಜಿ ಎತ್ತಿ ಗದರುತ್ತಾರೆ.

ಎರಡು ತಿಂಗಳ ಹಿಂದೆ ನಮ್ಮ ಆಫೀಸಿಗೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಭಾನುವಾರ ಮಗಳ ಮದುವೆಯ ಊಟದ ಕೂಟ, ಬುಧವಾರ ಅವರ ಗಂಟಲಿನ ಆಪರೇಷನ್. ಅದಾದ ಮೇಲೆ ಧ್ವನಿ ಇರುವುದಿಲ್ಲ. ಈಗಲೇ ಪಿಸುಮಾತಿನಷ್ಟು ಮಾತ್ರ ಉಳಿದಿತ್ತು.

"ಹೂವು ಗೀವು ನಿಮ್ಮಿಷ್ಟ ಕಣಮ್ಮ," ಅಂದರು. ಮೇಜಿನ ಮೇಲೆ ಬಗ್ಗಿ ಕೇಳಬೇಕಾಯಿತು. "ಮೂವತ್ತು ವರ್ಷ ಬಸ್ಸಲ್ಲಿ ಕೂಗಿದೀನಿ. ಮಗಳಿಗೆ ಎರಡು ಮಾತು ಹೇಳೋದಿದೆ. ಕೊನೇ ಸಾಲಿಗೂ ಕೇಳ್ಬೇಕು. ಅಷ್ಟೇ ಸಾಕು."

ಮಗಳು ಕಿಟಕಿಯ ಕಡೆ ತಿರುಗಿಕೊಂಡಳು.

"ಮಿಕ್ಕಿದ್ದೇನು ಕೆಟ್ರೂ ಅದೊಂದು ಕೆಡಲ್ಲ ಅಣ್ಣಾ. ನನ್ನ ಮಾತು," ಅಂದರು ಅಕ್ಕ. ನಾನಂತೂ, "ಕೊನೇ ಸಾಲೇನು ಸಾರ್, ಸಮುದ್ರದ ಆಚೆ ದಡಕ್ಕೂ ಕೇಳಿಸ್ತೀನಿ," ಅಂದೆ.

ಭಾನುವಾರ ಸಭಾಂಗಣ ತುಂಬಿತ್ತು. ಗೋಡೆಯ ಸ್ಪೀಕರುಗಳು ಅವರದ್ದು, ಮೈಕ್ ನಮ್ಮದು. ಮಾತಿನ ಹೊತ್ತಾಯಿತು. ಅಕ್ಕ ಕಪ್ಪು ಪೆಟ್ಟಿಗೆ ತೆರೆದರು. ಒಳಗೆ ನೀಲಿ ಉಣ್ಣೆಯ ಮೂರು ಉಂಡೆ, ಎರಡು ಸೂಜಿ, ಹಿಮ್ಮಡಿಯವರೆಗೆ ಹೆಣೆದ ಒಂದು ಕಾಲುಚೀಲ! ಯಾರೋ ತಲೆ ಮಾಸಿದವನು ಶನಿವಾರ ಕೇಂದ್ರದಲ್ಲಿ ಪೆಟ್ಟಿಗೆ ಅದಲುಬದಲು ಮಾಡಿದ್ದ.

ಆಗ ನಾನೇನು ಮಾಡಿದೆ? ಕಿಟಕಿಯಿಂದ ಹಾರಿದೆ. ಎದುರು ಬಂದ ಬಸ್ಸನ್ನು ಒಂದೇ ಕೈಯಲ್ಲಿ ತಡೆದೆ. ಊರಿನ ಅಷ್ಟೂ ಸಿಗ್ನಲ್ಲುಗಳು ನನ್ನ ಮುಖ ನೋಡಿ ಹಸಿರಾದವು. ನಾಲ್ಕು ನಿಮಿಷದಲ್ಲಿ ಮೈಕ್ ತಂದು ಕಂಡಕ್ಟರ ಕೈಗಿಟ್ಟಾಗ ಇನ್ನೂರು ಜನ ಎದ್ದು ನಿಂತು ಚಪ್ಪಾಳೆ...

ಇಷ್ಟನ್ನು ಬರೆದುಕೊಂಡು ಹೋಗಿ ಕಳೆದ ಶನಿವಾರ ಹಿರಿಯರ ಕೇಂದ್ರದಲ್ಲಿ ಓದುತ್ತಿದ್ದೆ. ಚಪ್ಪಾಳೆ ಅನ್ನುವಷ್ಟರಲ್ಲಿ ಎರಡನೇ ಸಾಲಿನಿಂದ ಒಂದು ಸ್ಲೇಟು ಮೇಲೆದ್ದಿತು. ಹಿಡಿದವರು ಅದೇ ಕಂಡಕ್ಟರು. ಆಪರೇಷನ್ನಿನ ಗಾಯ ಮಾಗಿದ ಮೇಲೆ ಅವರೂ ಶನಿವಾರ ನಮ್ಮ ಜೊತೆ ಕುರ್ಚಿ ಹಾಕಲು ಬರುತ್ತಾರೆ. ಮಾತನ್ನೆಲ್ಲ ಸ್ಲೇಟಿನಲ್ಲೇ ಆಡುತ್ತಾರೆ. ಸ್ಲೇಟಿನಲ್ಲಿ ದಪ್ಪಕ್ಷರದಲ್ಲಿ ಇತ್ತು: "ಟಿಕೆಟ್ ಇಲ್ಲದ ಪ್ರಯಾಣ. ಕೆಳಗಿಳಿ."

"ಏನಂತೆ?" ಅಂದರು ಕಾಲುಚೀಲದಜ್ಜಿ. ಪಕ್ಕದವರು ಸ್ಲೇಟನ್ನು ಅವರತ್ತ ತಿರುಗಿಸಿದರು. ಅಜ್ಜಿ ಸೂಜಿ ಕೆಳಗಿಟ್ಟರು. "ಅಲ್ವೋ ಬಡಾಯಿ, ಬಸ್ ತಡೆದೆಯಾ? ಎರಡು ಬಸ್ ಹಿಡಿದು ಬಂದವಳು ನಾನು! ಮೊಣಕಾಲು ಇನ್ನೂ ಹಿಡ್ಕೊಂಡಿದೆ. ನಿಜ ಹೇಳು."

ಹಿಂದೆ ಗೋಡೆಗೊರಗಿ ನಿಂತಿದ್ದ ಅಕ್ಕ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಗೀಟೆಳೆದರು, ಅಷ್ಟೆ.

ಸರಿ, ಹೇಳುತ್ತೇನೆ.

ಆ ತಲೆ ಮಾಸಿದವನು ನಾನೇ. ಶನಿವಾರ ಅವಸರದಲ್ಲಿ ಅಜ್ಜಿಯ ಪೆಟ್ಟಿಗೆಯನ್ನು ವ್ಯಾನಿಗೆ ಎತ್ತಿಕೊಂಡೆ. ಭಾನುವಾರ ಬೆಳಿಗ್ಗೆ ತೆರೆಯಲೂ ಇಲ್ಲ, ಮುಟ್ಟಲೂ ಇಲ್ಲ. ದೂರದಿಂದ ನೋಡಿ ಗೀಟು ಹಾಕಿದೆ. ಉಣ್ಣೆ ಕಂಡಾಗ ಕಿಟಕಿಯಿಂದ ಹಾರಲಿಲ್ಲ. ವೇದಿಕೆಯ ಹಿಂದಿನ ಪರದೆಯೊಳಗೆ ಸೇರಿಕೊಂಡೆ.

ಅಕ್ಕ ಪರದೆ ಸರಿಸಿದರು. "ಮುಟ್ಟಿದ್ಯಾ?"

"ಇಲ್ಲಕ್ಕ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ನೇರ ಕಂಡಕ್ಟರ ಬಳಿ ಹೋಗಿ, "ತಪ್ಪು ನಮ್ಮದು ಅಣ್ಣಾ," ಅಂದರು. ನಮ್ಮ ಹುಡುಗನದು ಅನ್ನಲಿಲ್ಲ. ನಮ್ಮದು ಅಂದರು. ಕೇಂದ್ರಕ್ಕೆ ಫೋನ್ ಮಾಡಿದರೆ ಭಾನುವಾರ ಬೀಗ. ಅಜ್ಜಿ ಪೆಟ್ಟಿಗೆಯನ್ನು ಮನೆಗೆ ಒಯ್ಯುತ್ತಾರೆಂದು ಗೊತ್ತಿತ್ತು. ಮನೆ ಎಲ್ಲಿ? ಎರಡು ವರ್ಷದಿಂದ ಅವರಿಗೆ ಕಥೆ ಓದುತ್ತಿದ್ದವನು ಒಂದು ದಿನವೂ ಕೇಳಿರಲಿಲ್ಲ. ಅಂಗಡಿಗಳೂ ಬಾಗಿಲು ಹಾಕಿದ್ದವು.

"ಕೊನೇ ಸಾಲೇ ಇಲ್ದಂಗೆ ಮಾಡೋಣ, ಬಾ," ಅಂತ ಅಕ್ಕ ಕುರ್ಚಿ ಎಳೆಯತೊಡಗಿದರು. ಫ್ಯಾನ್ ಆರಿಸಿ, ಅಡುಗೆಯವರ ಪಾತ್ರೆ ಸದ್ದು ನಿಲ್ಲಿಸಿ, ಇನ್ನೂರು ಜನರನ್ನು ಕಂಡಕ್ಟರ ಸುತ್ತ ಒತ್ತೊತ್ತಾಗಿ ಕೂರಿಸಿದೆವು. ಅವರು ಬಾಯಿ ತೆರೆದರು. ನಾಲ್ಕನೇ ಸಾಲಿನವರು ಕಿವಿಗೆ ಕೈ ಹಿಡಿದರು. ಐದನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಅಲ್ಲಿಗೇ ನಿಲ್ಲಿಸಿ, ಕೈಯಲ್ಲಿದ್ದ ಚೀಟಿಯನ್ನು ಸಣ್ಣಗೆ ಮಡಚತೊಡಗಿದರು.

ಆಗ ಬಾಗಿಲಲ್ಲಿ ಕಾಲುಚೀಲದಜ್ಜಿ! ಬೆವರಿಳಿಯುತ್ತಿತ್ತು, ಎದೆಗೆ ಕಪ್ಪು ಪೆಟ್ಟಿಗೆ ಒತ್ತಿಕೊಂಡಿದ್ದರು.

"ಫೋನ್ ಮಾಡೋಣ ಅಂದ್ರೆ ನಂಗೆ ಕೇಳ್ಸಲ್ಲ. ಅದಕ್ಕೇ ಬಂದೆ," ಅಂತ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು. "ಇದು ನಿಮ್ಮದು. ನನ್ನ ಕಾಲುಚೀಲ ಎಲ್ಲಿ?"

ಸಭಾಂಗಣದ ವಿಳಾಸ ಅಜ್ಜಿಗೆ ಹೇಗೆ ಗೊತ್ತಾಯಿತು ಅನ್ನುತ್ತೀರಾ? ಹಿಂದಿನ ದಿನ ಮೈಕಿನಲ್ಲಿ ನಾನೇ ಕೊಚ್ಚಿಕೊಂಡಿದ್ದೆ: ಇಂಥ ಬೀದಿ, ಇಂಥ ಸಭಾಂಗಣ, ಇಷ್ಟು ಗಂಟೆ, ಒಬ್ಬ ಕಂಡಕ್ಟರ ಕೊನೆಯ ಮಾತು, ಎಲ್ಲ ನನ್ನ ಕೈಯಲ್ಲಿದೆ ಅಂತ. ನನ್ನ ಬಡಾಯಿ ಜನ್ಮದಲ್ಲಿ ಒಂದೇ ಸಲ ಉಪಯೋಗಕ್ಕೆ ಬಂತು. ಅದೂ ಕೇಳಿಸಿಕೊಂಡವರ ಪುಣ್ಯದಿಂದ.

ಕಂಡಕ್ಟರು ಚೀಟಿ ಬಿಡಿಸಲಿಲ್ಲ. ಮೈಕನ್ನು ತುಟಿಗೆ ಹತ್ತಿರ ಹಿಡಿದು ಅಂದರು: "ಮಗಳೇ, ನಿನ್ನ ಸ್ಟಾಪ್ ಬಂತು. ನಿಧಾನಕ್ಕೆ ಇಳಿ. ಸಾಮಾನು ಏನಾದ್ರೂ ಮರೆತಿದ್ರೆ ಯಾವಾಗ ಬೇಕಾದ್ರೂ ಬಾ, ನಾನು ಬಾಗಿಲಲ್ಲೇ ಇರ್ತೀನಿ." ಒಂದು ಕ್ಷಣ ತಡೆದು, ಉಳಿದಿದ್ದ ಅಷ್ಟೂ ಧ್ವನಿ ಒಟ್ಟುಮಾಡಿ, "ರೈಟ್, ರೈಟ್!"

ಕೊನೆಯ ಸಾಲಿಗೆ ಕೇಳಿಸಿತು. ನಾನು ಪರದೆಯ ಹತ್ತಿರ ನಿಂತು ಅಜ್ಜಿಯ ಅರೆ ಹೆಣೆದ ಕಾಲುಚೀಲದಲ್ಲಿ ಮೂಗು ಒರೆಸಿಕೊಂಡೆ. ಅದನ್ನು ಆಮೇಲೆ ತೊಳೆದು ಕೊಟ್ಟೆ. ಈ ಮಾತು ನಿಜ, ಅಜ್ಜಿಯನ್ನು ಕೇಳಿ.

ಅವತ್ತಿನಿಂದ ಪ್ರತಿ ಶನಿವಾರ ಅಜ್ಜಿಯನ್ನು ವ್ಯಾನಿನಲ್ಲಿ ಮನೆ ಮುಟ್ಟಿಸುತ್ತೇನೆ. ಮೂರನೇ ತಿರುವು, ಹಸಿರು ಬಾಗಿಲು. ಅಕ್ಕನಿಗೆ, ಅಜ್ಜಿಗೆ, ಕಂಡಕ್ಟರಿಗೆ ನಾನು ಎಷ್ಟು ಋಣಿ ಅಂತ ಅಳೆದು ಹೇಳಲು ಹೋದರೆ ಮತ್ತೆ ಬಡಾಯಿ ಅನ್ನುತ್ತೀರಿ. ಇದೊಂದನ್ನು ಮಾತ್ರ ಎಷ್ಟು ಹಿಗ್ಗಿಸಿದರೂ ಕಮ್ಮಿಯೇ.

ಇಷ್ಟು ಹೇಳಿ ಮೈಕ್ ಇಳಿಸಿದೆ. ಸ್ಲೇಟು ಮತ್ತೆ ಮೇಲೆದ್ದಿತು: "ಕುರ್ಚಿ?"

ನಾಲ್ಕು. ಪ್ಲಾಸ್ಟಿಕ್ಕಿನವು. ಲಿಫ್ಟಿನಲ್ಲಿ ಒಯ್ದೆ.