ಹಗ್ಗದ ಇನ್ನೊಂದು ತುದಿ

“ಛುಟ್ಟಿ ಸ್ಟಾಫ್ ಕೋ ಹೈ, ತುಮ್ ಲೋಗೋಂ ಕೋ ನಹೀಂ. ಸಮಝೀ?”

ರಜೆ ಸ್ಟಾಫಿಗೆ, ನಿಮ್ಮಂಥವರಿಗಲ್ಲ ಎಂದು ಕಚೇರಿಯ ಉಸ್ತುವಾರಿ ನೋಡುವ ಬಾಲಚಂದ್ರ ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡೇ ಹಿಂದಿಯಲ್ಲಿ ಗದರಿದರು. ಪೊರಕೆ ಹಿಡಿದು ನಿಂತಿದ್ದ ದುರುಗಮ್ಮ ಕೇಳಿದ್ದು ಇಷ್ಟೇ: ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದೀರಲ್ಲ, ನಾವೂ ಹೋಗಬಹುದೇ ಎಂದು. ರಜೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ತಪ್ಪು ಎನ್ನುವ ಹಾಗೆ ನೋಡಿ, ಅವರು ಮತ್ತೆ ಫೋನಿಗೆ ತಿರುಗಿದರು.

ವಡೋದರದ ಮಕರಪುರದಲ್ಲಿದ್ದ ಆ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅಂದು ಬೆಳಿಗ್ಗೆ ಕಕ್ಕಸಿನ ಪೈಪುಗಳು ಉಲ್ಟಾ ಹೊಡೆದಿದ್ದವು. ಹಿತ್ತಲಿನ ಸೆಪ್ಟಿಕ್ ಟ್ಯಾಂಕು ಕಟ್ಟಿಕೊಂಡು, ಇನ್ನೂರು ಮಂದಿಯ ಹೇಲು ನೆಲಮಹಡಿಗೆ ನುಗ್ಗಿ ಕರೆಂಟಿನ ಕೋಣೆಯವರೆಗೂ ಹರಿದಿತ್ತು. ಕರೆಂಟು ತೆಗೆದು, ಕಟ್ಟಡ ಖಾಲಿ ಮಾಡಿಸಿ ರಜೆ ಸಾರಿದ್ದರು. ಗೇಟಿನ ಹೊರಗೆ ಹಬ್ಬದಂಥ ಸಡಗರ. ಸಿನಿಮಾಕ್ಕೆ ಹೋಗೋಣವೆಂದು ಕೆಲವರು, ಪಾವಾಗಢದ ಬೆಟ್ಟಕ್ಕೆ ಹೋಗಿ ಬರೋಣವೆಂದು ಕೆಲವರು. ತಮ್ಮ ಹೊಟ್ಟೆಯಿಂದಲೇ ಬಿದ್ದದ್ದಕ್ಕೆ ಮೂಗು ಮುಚ್ಚಿಕೊಂಡು ಓಡುವವರನ್ನು ನೋಡಿ ದುರುಗಮ್ಮನ ಮೈ ಉರಿಯಿತು.

ಅವಳೂ ಗಂಡ ಮಾನಪ್ಪನೂ ಲಿಂಗಸುಗೂರು ಕಡೆಯವರು. ಸೂರತ್ತಿನಲ್ಲಿ ಇಟ್ಟಿಗೆ ಹೊತ್ತು ಸಾಕಾಗಿ ವಡೋದರಕ್ಕೆ ಬಂದವರಿಗೆ ಇಲ್ಲಿ ಗುತ್ತಿಗೆಯ ಮೇಲೆ ಕಸ ಬಳಿಯುವ ಕೆಲಸ, ಜನರೇಟರ್ ಶೆಡ್ಡಿನ ಹಿಂದೆ ಒಂದು ಖೋಲಿ ಕೊಡಿಸಿದವರು ಬಾಲಚಂದ್ರರೇ. ಅವರು ಮೂಲತಃ ಧಾರವಾಡದವರು, ಈಗ ಇದೇ ಊರಿನ ಮಂಜಲ್‌ಪುರದಲ್ಲಿ ಮನೆ. ಆದರೆ ಮೂರು ವರ್ಷಗಳಲ್ಲಿ ನಾಲ್ಕು ಜನರೆದುರು ಒಮ್ಮೆಯೂ ಇವರನ್ನು ಕನ್ನಡದಲ್ಲಿ ಮಾತಾಡಿಸಿದವರಲ್ಲ. ಇಂಥವರದೂ ತನ್ನದೂ ಒಂದೇ ಭಾಷೆ ಎಂದು ಗೊತ್ತಾದರೆ ಮರ್ಯಾದೆ ಹೋದೀತೆಂಬ ಅಂಜಿಕೆ.

ಹನ್ನೊಂದರ ಹೊತ್ತಿಗೆ ಕಾಂಪೌಂಡು ಖಾಲಿಯಾಯಿತು. ಆಗ ಸಾಹೇಬರು ಮಾನಪ್ಪನ ಹೆಗಲ ಮೇಲೆ ಕೈ ಹಾಕುವಷ್ಟು ಹತ್ತಿರ ಬಂದರು. ಕೈ ಮಾತ್ರ ಹಾಕಲಿಲ್ಲ.

“ಮಾನಪ್ಪಾ, ನೀ ನಮ್ಮವ ಇದ್ದೀ ಅಂತ ಹೇಳ್ತೀನಿ. ನಾಳೆ ದಿಲ್ಲಿಯಿಂದ ದೊಡ್ಡ ಸಾಹೇಬ್ರು ಬರಾವ್ರಿದ್ದಾರ. ಮುನಸಿಪಾಲ್ಟಿ ಮಷೀನು ನಾಡಿದ್ದು ಬರ್ತದಂತ. ನೀ ಒಂದೀಟು ಒಳಗ ಇಳದು ಬಿಡಿಸಿಬಿಡು. ಕಾಯ್ದೆ ಪ್ರಕಾರ ನಾ ಇಳಿ ಅನ್ನಂಗಿಲ್ಲ. ನೀನ ಇಳೀತೀನಿ ಅನ್ನು.”

ಮಾನಪ್ಪ ಹೆಂಡತಿಯ ಮುಖ ನೋಡದೆ ಅಂಗಿಯ ಗುಂಡಿ ಬಿಚ್ಚತೊಡಗಿದ. ಒಲ್ಲೆ ಅಂದರೆ ಕೆಲಸವೂ ಇಲ್ಲ, ಖೋಲಿಯೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸಾಹೇಬರು ವಾಚ್‌ಮನ್‌ನಿಂದ ಹೊಸ ನೈಲಾನ್ ಹಗ್ಗ ತರಿಸಿದರು. ಇದನ್ನು ನಡುವಿಗೆ ಕಟ್ಟಿಕೊಂಡರೆ ಏನೇನೂ ಅಪಾಯವಿಲ್ಲ ಎಂದು ಧೈರ್ಯ ಹೇಳಿದರು.

ಹಗ್ಗ ನೋಡಿದ್ದೇ ತಡ ದುರುಗಮ್ಮನಿಗೆ ಇನ್ನೊಂದು ಹಗ್ಗ ನೆನಪಾಯಿತು. ಎರಡು ವರ್ಷದ ಹಿಂದೆ ಅವಳ ತಮ್ಮ ಅಮರೇಶ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಹೀಗೇ ಹಗ್ಗ ಕಟ್ಟಿಕೊಂಡು ಗುಂಡಿಗೆ ಇಳಿದಿದ್ದ. ಒಳಗಿನ ವಿಷದ ಗಾಳಿ ಎರಡು ಉಸಿರಿಗೆ ಅವನನ್ನು ಕೆಡವಿತ್ತು. ಹಗ್ಗ ಗಟ್ಟಿಯಾಗಿಯೇ ಇತ್ತು. ಅದು ಮೇಲಕ್ಕೆ ತಂದದ್ದು ಹೆಣವನ್ನು. ತಾನಾಗಿಯೇ ಇಳಿದನೆಂದು ಕಾರ್ಖಾನೆಯವರು ಕಾಗದ ಮಾಡಿಕೊಂಡರು.

ವಾಚ್‌ಮನ್ ಟ್ಯಾಂಕಿನ ಕಬ್ಬಿಣದ ಮುಚ್ಚಳ ಸರಿಸಿದ. ಮಾನಪ್ಪ ನಡುವಿಗೆ ಗಂಟು ಹಾಕಿಕೊಂಡ. ದುರುಗಮ್ಮ ಪೊರಕೆ ಒಗೆದು, ನೆಲದ ಮೇಲೆ ಬಿದ್ದಿದ್ದ ಹಗ್ಗದ ಇನ್ನೊಂದು ತುದಿಯನ್ನು ಎತ್ತಿಕೊಂಡು ಹೋಗಿ ಸಾಹೇಬರ ಹೊಟ್ಟೆಗೆ ಹಿಡಿದಳು.

“ಇದನ್ನ ನೀ ಕಟ್ಕೋ.”

“ಏನಂದಿ?” ಅಂದರು ಸಾಹೇಬರು.

“ನಿನ್ನ ನಡಕ್ಕ ಕಟ್ಕೋ ಅಂದೆ. ನನ್ನ ಗಂಡ ಒಳಗ ಬಿದ್ರ ನೀನೂ ಬೀಳಬೇಕು. ನಮ್ಮವ ಅಂದ್ಯಲ್ಲೋ ಹಾಟ್ಯಾ, ಕಟ್ಕೋ.”

ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಹಗ್ಗ ತಾಗಿದ ಅಂಗಿಯನ್ನು ಗಡಬಡಿಸಿ ಕೊಡವಿಕೊಂಡರು. ಕನ್ನಡ ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಖೋಲಿ ಖಾಲಿ ಮಾಡಬೇಕೆಂದು ಹಿಂದಿಯಲ್ಲಿ ಕಿರುಚಿ, ಬೇರೆ ಆಳುಗಳನ್ನು ಕಳಿಸುವಂತೆ ಗುತ್ತಿಗೆದಾರನಿಗೆ ಫೋನು ಹಚ್ಚಿದರು.

“ಬಿಡಲೇ, ಖೋಲಿ ಹೋಕ್ಕೈತಿ,” ಅಂದ ಮಾನಪ್ಪ.

“ಖೋಲಿ ಹೋದ್ರ ಇನ್ನೊಂದು ನೋಡಾಮು. ನೀ ಹೋದ್ರ ನಾ ಯಾರ್ನ ನೋಡ್ಲಿ?”

ದುರುಗಮ್ಮ ಮುಚ್ಚಳವನ್ನು ದರದರ ಎಳೆದು ಗುಂಡಿಯ ಮೇಲೆ ಹಾಕಿ ಅದರ ಮೇಲೆಯೇ ಕುಕ್ಕರಿಸಿದಳು. ಬಿಸಿಲಿಗೆ ಕಾದ ಕಬ್ಬಿಣ ಸೀರೆ ದಾಟಿ ತೊಡೆ ಸುಡುತ್ತಿತ್ತು. ಮಾನಪ್ಪ ನಡುವಿನ ಗಂಟು ಬಿಚ್ಚಲಿಲ್ಲ.

ಗಂಟೆ ಕಳೆಯುವಷ್ಟರಲ್ಲಿ ಗೇಟಿನಲ್ಲಿ ಟೆಂಪೊ ನಿಂತಿತು. ಗುತ್ತಿಗೆದಾರ ಕಳಿಸಿದ ದಾಹೋದ್ ಕಡೆಯ ಆಳುಗಳಿಬ್ಬರು ಇಳಿದರು, ನರೆತ ತಲೆಯವನೊಬ್ಬ, ಅವನಿಗಿಂತ ಕಿರಿಯವನೊಬ್ಬ. ಕಾಲಲ್ಲಿ ಚಪ್ಪಲಿಯಿಲ್ಲ. ಸಾಹೇಬರು ಕೈ ತೋರಿಸಿದ ಕಡೆಗೆ ಅಂಗಿ ಬಿಚ್ಚಿಕೊಳ್ಳುತ್ತಲೇ ಬಂದರು. ಈ ಹೆಂಗಸನ್ನು ಎಳೆದು ಹಾಕು ಎಂದು ವಾಚ್‌ಮನ್‌ಗೆ ಆಜ್ಞೆಯಾಯಿತು. ಅವನು ದುರುಗಮ್ಮನ ರಟ್ಟೆಗೆ ಕೈ ಹಾಕಿದ. ಅವಳು ಮುಚ್ಚಳದ ಹಿಡಿಕೆ ಬಿಡಲಿಲ್ಲ. ನರೆತ ತಲೆಯವನ ಮುಖ ನೋಡಿ, ಇಳೀಬ್ಯಾಡಪ್ಪಾ, ಸಾಯ್ತಿ ಅಂದಳು. ಅವನಿಗೆ ತಿಳಿಯಲಿಲ್ಲ. ಆದರೂ ಅಂಗಿ ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು.

ಆಗ ಮಾನಪ್ಪ ತನ್ನ ನಡುವಿನ ಗಂಟನ್ನು ಇನ್ನಷ್ಟು ಬಿಗಿದುಕೊಂಡ. ಹಗ್ಗದ ಇನ್ನೊಂದು ತುದಿಯನ್ನು ಎತ್ತಿ, ಕುಣಿಕೆ ಮಾಡಿಕೊಂಡು, ಸಾಹೇಬರ ಕಡೆಗೆ ನಡೆಯತೊಡಗಿದ. ಬಾಲಚಂದ್ರರು ಹಿಂದೆ ಹಿಂದೆ ಸರಿದು ಅಲ್ಲೇ ನಿಂತಿದ್ದ ತಮ್ಮ ಕಾರಿಗೆ ಬೆನ್ನು ಹಚ್ಚಿ ನಿಂತು, ಅದರ ಬಾಗಿಲಿಗಾಗಿ ಕೈಯಾಡಿಸತೊಡಗಿದರು.