ಸೋದರತ್ತೆ ಹೇಳಿದ ಹೆಸರು

ಬಸ್ಸು ಭದ್ರಾವತಿ ಬಿಡುವ ಮೊದಲೇ ಅಪ್ಪ ಹೇಳಿಬಿಟ್ಟಿದ್ದರು: "ಮಗೂಗೆ ನಮ್ಮವ್ವನ ಹೆಸರು, ಹಾಲಮ್ಮ. ಬೇರೇದು ನಿನ್ನ ಬಾಯಿಂದ ಬಂತೋ, ಬೀಗರ ಮನೇಲಿ ತೊಟ್ಟು ನೀರು ಮುಟ್ಟಲ್ಲ ನಾನು. ನೀನೂ ಅಲ್ಲೇ ಇದ್ದುಬಿಡು, ಮನೆಗೆ ಬರಬೇಡ."

ಅಣ್ಣನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ನಾನು. ಹೇಳಿದ ಮೇಲೆ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ನನಗೆ ಓಲ್ಡ್ ಟೌನಿನ ಅಪ್ಪನ ಮನೆ ಬಿಟ್ಟರೆ ಬೇರೆ ಜಾಗವೂ ಇರಲಿಲ್ಲ.

ವಿದ್ಯಾನಗರದ ಬೀಗರ ಮನೆಯಲ್ಲಿ ಹೆಂಗಸರು ತೊಟ್ಟಿಲ ಸುತ್ತ ನೆರೆದಿದ್ದರು. ಅತ್ತಿಗೆ ತನುಜಾ ಆರಿಸಿದ್ದು ಬೇರೆಯೇ ಹೆಸರು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುವಾಗ ಸ್ವೀಡನ್ನಿನ ಹುಡುಗಿಯೊಬ್ಬಳಿಂದ ಕಲಿತದ್ದು. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಎಲ್ಲ ಕಡೆಯೂ ಪ್ರಕೃತಿಗೆ ಅದೇ ಪದವಂತೆ: ನತೂರ್. ಮೊದಲು ಹೂಂ ಎಂದಿದ್ದ ಅಣ್ಣ ವಿಜಯಕುಮಾರ್, ಅಪ್ಪನನ್ನು ಕಂಡದ್ದೇ ಅಡುಗೆಯವರ ಕಡೆ ಜಾರಿಕೊಂಡಿದ್ದ.

"ನತೂರಾ? ಅಲ್ಲಿಗೆ ಬಸ್ ಹೋಗುತ್ತೇನೇ?" ಅತ್ತಿಗೆಯ ದೊಡ್ಡಮ್ಮ ನಕ್ಕರು. "ಪ್ರಕೃತಿ ಅಂತಲೇ ಇಡೇ ಮಾರಾಯ್ತಿ."

"ಈ ಬೀದೀಲಿ ಯಾರನ್ನ ಕರೆದ್ರೂ ಪ್ರಕೃತೀನೇ ದೊಡ್ಡಮ್ಮ," ಎಂದಳು ಅತ್ತಿಗೆ. ಅವಳು ನನ್ನ ಕಡೆ ನೋಡಲಿಲ್ಲ. ಕೇಳಿಕೊಳ್ಳಲೂ ಇಲ್ಲ.

ಅತ್ತಿಗೆಯ ಬಾಣಂತನದಲ್ಲಿ ನಾನು ಕೆಲವು ದಿನ ಇಲ್ಲಿದ್ದೆ. ಎಷ್ಟು ತೂಗಿದರೂ ನಿಲ್ಲದ ಅಳು, ಅತ್ತಿಗೆ ಬಗ್ಗಿ "ನತೂರ್" ಎಂದರೆ ನಿಲ್ಲುತ್ತಿತ್ತು. ಮಗು ಕಣ್ಣರಳಿಸಿ ಅವಳ ಬಾಯನ್ನೇ ನೋಡುತ್ತಿತ್ತು. ಅದನ್ನು ನಾನು ಬಾಗಿಲ ಸಂದಿಯಿಂದ ಕಂಡಿದ್ದೆ.

ತೊಟ್ಟಿಲಿಗೆ ಬಗ್ಗಿದೆ. ಹೊಸ್ತಿಲಾಚೆ ಅಪ್ಪನ ಕಾಲುಗಳು ಕಾಣುತ್ತಿದ್ದವು. ಕಿವಿಯಲ್ಲಿ ಹೇಳಿದೆ. ಪದ್ಧತಿಯಂತೆ ಹೆಂಗಸರು ನನ್ನ ಬೆನ್ನಿಗೆ ದಬದಬ ಗುದ್ದಿದರು.

"ಏನಂದ್ಯೇ? ಜೋರಾಗಿ ಹೇಳು!"

ಕಿವಿಯಲ್ಲಿ ಒಂದು ಹೇಳಿ, ಹೊರಗೆ ಇನ್ನೊಂದು ಹೇಳಬಹುದಿತ್ತು.

"ನತೂರ್."

ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು.

"ನಾನು ಹೊರಟೆ. ನಿನಗೆ ಬಸ್ಸಲ್ಲೇ ಹೇಳಿದೀನಿ."

"ಊಟ ಮಾಡಿ ಮನೆಗೇ ಬರ್ತೀನಪ್ಪ," ಎಂದೆ. "ಬಾಗಿಲು ಹಾಕಿದ್ರೆ ಕಟ್ಟೆ ಮೇಲೆ ಕೂತಿರ್ತೀನಿ."

ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಗೇಟಿನ ಚಿಲಕ ಹಿಡಿದು ನಿಂತರು. ತೆಗೆಯಲಿಲ್ಲ. ಈ ಕಡೆ ತಿರುಗದೆಯೇ ಕೇಳಿದರು:

"ಅದೇನು ಅರ್ಥವಂತೆ ಅದಕ್ಕೆ?"